ಟಿಕೆಟ್ ಕೊಂಡು ನೋಡಿದ ನಮ್ಮೂರ ಕಾಡು

ಬೆಂಗಳೂರಿನಲ್ಲಿ ಒಂದು ಕಂಪನಿಯ ಇಂಟರ್‌ವ್ಯೂ. ಬಿ.ಎಸ್ಸಿ. ಮುಗಿಸಿ ವರ್ಷವಾಗಿತ್ತು. ಅದು ನನ್ನ ಏಳನೆಯ ಇಂಟರ್‌ವ್ಯೂ. ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಬಾಯಿಪಾಠ ಮಾಡಿಕೊಂಡಿದ್ದ ಉತ್ತರ ಒಪ್ಪಿಸಿದೆ. ಊರು ಹನೂರು ತಾಲ್ಲೂಕು, ಓದಿದ್ದು ಕೊಳ್ಳೇಗಾಲ ಎನ್ನುತ್ತಿದ್ದಂತೆ ಮೇಜಿನ ಆಚೆ ಕುಳಿತಿದ್ದವರ ಮುಖ ಅರಳಿತು.

‘ಓ, ಬಿ.ಆರ್.ಹಿಲ್ಸ್ ಕಡೆಯವರಾ? ನಾವು ವರ್ಷಕ್ಕೊಂದು ಸಲ ಸಫಾರಿಗೆ ಬರ್ತೀವಿ. ನೀವು ಎಷ್ಟು ಸಲ ಹುಲಿ ನೋಡಿದ್ದೀರಿ?’

‘ಒಂದು ಸಲವೂ ಇಲ್ಲ ಸರ್.’

‘ಸಫಾರಿಗೆ ಹೋಗಿದ್ದೀರಲ್ಲ?’

‘ಅದೂ ಇಲ್ಲ.’

ಅವರು ನಕ್ಕರು. ನಾನೂ ನಕ್ಕೆ. ಕೆಲಸ ಸಿಗಲಿಲ್ಲ. ಅದಕ್ಕೆ ಹುಲಿ ಕಾರಣವಲ್ಲ ಬಿಡಿ. ಆದರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವಾಗಲೂ ಆ ಪ್ರಶ್ನೆ ತಲೆಯಲ್ಲೇ ಕುಳಿತಿತ್ತು. ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದ ನಾನು ಕಾಡನ್ನು ಯಾಕೆ ನೋಡಿಲ್ಲ?

ನಮ್ಮ ಹೊಲದಿಂದ ಕಾಡಿಗೆ ಒಂದು ಕೂಗಳತೆ. ರಾತ್ರಿ ಹೊತ್ತು ಅಪ್ಪ ಅಟ್ಟಣೆಯ ಮೇಲೆ ಕುಳಿತು ಹಂದಿ, ಆನೆ ಕಾಯುತ್ತಾರೆ. ಕಾಡು ಅಂದರೆ ನಮಗೆ ಕಾಯಬೇಕಾದ ವಸ್ತು, ನೋಡಬೇಕಾದದ್ದಲ್ಲ. ದುಡ್ಡು ಕೊಟ್ಟು ಆನೆ ನೋಡಲು ಹೋಗುತ್ತೇನೆ ಎಂದರೆ ಅಪ್ಪ ‘ನಾಳೆ ರಾತ್ರಿ ಹೊಲಕ್ಕೆ ಬಾ, ಬಿಟ್ಟಿಯಾಗೇ ತೋರಿಸ್ತೀನಿ’ ಎನ್ನುವವರು.

ಪಿ.ಜಿ.ಯ ಇಬ್ಬರು ಗೆಳತಿಯರಿಗೆ ಈ ಕಥೆ ಹೇಳಿದೆ. ಒಬ್ಬಳು ದಾವಣಗೆರೆಯವಳು, ಇನ್ನೊಬ್ಬಳು ಕಲಬುರಗಿಯವಳು. ‘ಹಾಗಾದ್ರೆ ನಿಮ್ಮೂರಿಗೇ ಹೋಗೋಣ, ನ್ಯಾಷನಲ್ ಪಾರ್ಕ್ ನೋಡಿಕೊಂಡು ಬರೋಣ’ ಎಂದು ಹೊರಟೇಬಿಟ್ಟರು. ಕಳೆದ ಅಕ್ಟೋಬರ್, ಮಳೆ ಆಗತಾನೇ ಹಿಂದೆ ಸರಿದಿತ್ತು.

ಮೂರು ತಾಲ್ಲೂಕು, ಮೂರು ಕಾಡು

ಮೊದಲು ಒಂದು ತಿದ್ದುಪಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಉಪಯೋಗಕ್ಕೂ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ನ್ಯಾಷನಲ್ ಪಾರ್ಕ್, ಅಂದರೆ ರಾಷ್ಟ್ರೀಯ ಉದ್ಯಾನ ಇರುವುದು ಗುಂಡ್ಲುಪೇಟೆ ಕಡೆಯ ಬಂಡೀಪುರದಲ್ಲಿ. ಯಳಂದೂರು, ಕೊಳ್ಳೇಗಾಲ, ಹನೂರು ಕಡೆ ಇರುವುದೆಲ್ಲ ವನ್ಯಜೀವಿ ಧಾಮಗಳು. ಅವುಗಳಲ್ಲಿ ಬಿಳಿಗಿರಿ ರಂಗನಾಥಸ್ವಾಮಿ ದೇವಾಲಯ ವನ್ಯಜೀವಿ ಧಾಮ 1974ರಲ್ಲಿ ಆದದ್ದು. 2011ರ ಆರಂಭದಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ 574.82 ಚದರ ಕಿಲೋಮೀಟರ್. ಅದರಲ್ಲಿ 359.10 ಚದರ ಕಿಲೋಮೀಟರ್ ಕೋರ್, ಉಳಿದದ್ದು ಬಫರ್.

ಪೂರ್ವಕ್ಕೆ ಬಂದರೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿ ಧಾಮ, 906 ಚದರ ಕಿಲೋಮೀಟರ್. ಅದರಾಚೆ ಹೊಳೆಯ ಉದ್ದಕ್ಕೂ ಕಾವೇರಿ ವನ್ಯಜೀವಿ ಧಾಮ. 1987ರಲ್ಲಿ ಆದ ಇದು 2013ರಲ್ಲಿ ಒಂದು ಸಾವಿರ ಚದರ ಕಿಲೋಮೀಟರ್ ದಾಟಿತು. ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ದಕ್ಷಿಣಕ್ಕೆ ತಮಿಳುನಾಡಿನ ಸತ್ಯಮಂಗಲದ ಕಾಡು ಸೇರಿಕೊಳ್ಳುತ್ತದೆ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಆನೆ, ಹುಲಿಗಳಿಗೆ ಇರುವ ದಾರಿ ಇದು. ನಾವು ಹನೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಹೋಗುವಂತೆ ಅವು ಈ ಬೆಟ್ಟಗಳ ಮೇಲೆ ಓಡಾಡುತ್ತವೆ.

ಇಷ್ಟನ್ನು ನಾನು ಕಲಿತದ್ದು ಗೆಳತಿಯರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ. ಹದಿನೈದು ವರ್ಷ ಓದಿದ ಯಾವ ಪಾಠದಲ್ಲೂ ನಮ್ಮ ಮನೆ ಹಿತ್ತಿಲಿನ ಕಾಡಿನ ಹೆಸರು ಬಂದ ನೆನಪಿಲ್ಲ.

ರಂಗ ಭಾವನ ಬೆಟ್ಟ

ಕೊಳ್ಳೇಗಾಲದಿಂದ ಬೆಳಗಿನ ಬಸ್ಸಿಗೆ ಯಳಂದೂರು. ಬೆಟ್ಟದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹಾಗಾಗಿ ಗೌರೀಶ್ವರ ದೇವಸ್ಥಾನದ ಬಳೆ ಮಂಟಪ ನೋಡಿ ಬಂದೆವು. ಒಂದೇ ಕಲ್ಲಿನಲ್ಲಿ ಕೊರೆದ ಬಳೆಗಳ ಸರಪಳಿ ನೋಡಿ ದಾವಣಗೆರೆಯವಳು ‘ಇದು ಇನ್‌ಸ್ಟಾಗ್ರಾಂನಲ್ಲಿ ಯಾಕೆ ಬಂದಿಲ್ಲ?’ ಎಂದಳು. ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ಇದೇ ಊರಿನವಳು ಎಂದು ನಾನೂ ಸ್ವಲ್ಪ ಜಂಭ ಕೊಚ್ಚಿಕೊಂಡೆ.

ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದ ಮೇಲೆ ಹಾದಿ ಏರತೊಡಗುತ್ತದೆ. ಬುಡದಲ್ಲಿ ಮುಳ್ಳುಪೊದೆ, ಆಮೇಲೆ ಎಲೆ ಉದುರಿಸುವ ಮರಗಳು, ಇನ್ನೂ ಮೇಲೆ ತಂಪು. ಸುಮಾರು 600 ಮೀಟರ್‌ನಿಂದ 1,800 ಮೀಟರ್‌ವರೆಗೆ ಏರುವ ಈ ಬೆಟ್ಟಸಾಲಿನಲ್ಲಿ ಕುರುಚಲು ಕಾಡಿನಿಂದ ಶೋಲಾ ಕಾಡು ಮತ್ತು ಹುಲ್ಲುಗಾವಲಿನವರೆಗೆ ಎಲ್ಲವೂ ಉಂಟು. ಒಂದೇ ಗಂಟೆಯ ಬಸ್ ಪ್ರಯಾಣದಲ್ಲಿ ಇಷ್ಟು ಬಗೆಯ ಕಾಡು ಸಿಗುವ ಜಾಗ ನಮ್ಮ ಸೀಮೆಯಲ್ಲಿ ಬೇರೆ ಇಲ್ಲ.

ಬೆಟ್ಟದ ತುದಿಯಲ್ಲಿ ರಂಗನಾಥ. ಅಲ್ಲಿಟ್ಟಿರುವ ದೊಡ್ಡ ಚರ್ಮದ ಪಾದರಕ್ಷೆಗಳನ್ನು ನೋಡಿದ ಗೆಳತಿಯರಿಗೆ ಆಶ್ಚರ್ಯ. ಬೂದಿತಿಟ್ಟಿನವರು ರಂಗನಿಗೆ ಮಾಡಿಕೊಡುವ ಪಾದುಕೆ ಅವು. ಅದನ್ನು ಮೆಟ್ಟಿ ದೇವರು ರಾತ್ರಿ ಕಾಡು ಸುತ್ತುತ್ತಾನೆ ಎಂಬುದು ನಂಬಿಕೆ. ಸೋಲಿಗರಿಗೆ ಈ ರಂಗ ‘ಭಾವ’. ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು ಎಂದು ಅವರು ಹೇಳುತ್ತಾರೆ. ದೇವರನ್ನೇ ‘ಭಾವ’ ಎಂದು ಕರೆಯುವ ಸಲಿಗೆ ಕಂಡು ಕಲಬುರಗಿಯವಳು ‘ನಮ್ ಕಡಿ ದೇವರಿಗೆ ಹಿಂಗ ಅಂದ್ರ ಬೈತಾರ’ ಎಂದು ನಕ್ಕಳು.

ಹುಲಿ ಕಾಣದ ಸಫಾರಿ

ರಾತ್ರಿ ಬೆಟ್ಟದಲ್ಲೇ ಉಳಿದೆವು. ಕತ್ತಲಾದ ಮೇಲೆ ಕಾಡಿನ ಹಾದಿಯಲ್ಲಿ ವಾಹನ ಬಿಡುವುದಿಲ್ಲ. ಮರುದಿನ ಬೆಳಿಗ್ಗೆ ಗೇಟ್ ತೆರೆದ ಕೂಡಲೇ ಬಾಡಿಗೆ ಜೀಪಿನಲ್ಲಿ ಕೆ.ಗುಡಿ, ಅಂದರೆ ಕ್ಯಾತದೇವರ ಗುಡಿಗೆ ಹೋದೆವು. ಒಂದು ಕಾಲದಲ್ಲಿ ಮೈಸೂರು ಮಹಾರಾಜರ ಬೇಟೆ ಶಿಬಿರ ಇದ್ದ ಜಾಗ. ಬಂದೂಕು ಹಿಡಿದವರು ಬರುತ್ತಿದ್ದಲ್ಲಿಗೆ ಈಗ ಕ್ಯಾಮೆರಾ ಹಿಡಿದವರು ಬರುತ್ತಾರೆ.

ಸಫಾರಿ ವಾಹನದಲ್ಲಿ ನಮ್ಮ ಜೊತೆ ಮೈಸೂರಿನ ಒಂದು ಕುಟುಂಬ, ದೊಡ್ಡ ಲೆನ್ಸ್ ಹೊತ್ತ ಇಬ್ಬರು ಫೋಟೊಗ್ರಾಫರ್‌ಗಳು. ಹುಲಿ ಕಾಣುತ್ತದಾ ಎಂಬುದೇ ಎಲ್ಲರ ಪ್ರಶ್ನೆ. ಮುಂದೆ ಕುಳಿತಿದ್ದ ಸೋಲಿಗ ಹುಡುಗ, ನನಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು, ‘ಬಂದ್ರ ಬತ್ತದ ಸಾ, ನಾವ್ ಕರ್ದ್ರ ಬರಾಕ ಅದೇನ್ ನಮ್ ದನವಾ’ ಎಂದ.

ಮೊದಲು ಕಂಡದ್ದು ಚುಕ್ಕಿ ಜಿಂಕೆಗಳ ಹಿಂಡು. ಆಮೇಲೆ ಒಂದು ಕಡವೆ. ತಿರುವಿನಲ್ಲಿ ಇದ್ದಕ್ಕಿದ್ದಂತೆ ಎದುರಾದ ಕಾಟಿ, ಮೊಣಕಾಲವರೆಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ನಿಂತು, ನಮ್ಮನ್ನು ಒಂದು ನಿಮಿಷ ಪರೀಕ್ಷಿಸಿ, ಆಸಕ್ತಿಯಿಲ್ಲದೆ ಪೊದೆಯೊಳಗೆ ಹೋಯಿತು. ಮೇಲೆ ಎಲ್ಲೋ ಉದ್ದ ಬಾಲದ ಭೀಮರಾಜ ಹಕ್ಕಿ ಹತ್ತು ಹಕ್ಕಿಗಳ ದನಿ ಅನುಕರಿಸುತ್ತಿತ್ತು. ದೂರದ ಇಳಿಜಾರಿನಲ್ಲಿ ಆನೆಗಳು, ಎರಡು ದೊಡ್ಡವು, ನಡುವೆ ಒಂದು ಮರಿ.

ಆನೆಗಳನ್ನು ಕಂಡಾಗ ಗೆಳತಿಯರು ಉಸಿರು ಬಿಗಿಹಿಡಿದರು. ನನಗೆ ಮಾತ್ರ ವಿಚಿತ್ರ ಅನುಭವ. ಆನೆ ಅಂದರೆ ನನಗೆ ರಾತ್ರಿ, ಪಟಾಕಿ, ಅಪ್ಪನ ಕೂಗು, ಬೆಳಿಗ್ಗೆ ನೆಲಕ್ಕೆ ಮಲಗಿದ ಬಾಳೆ. ಹಗಲಲ್ಲಿ, ಯಾರನ್ನೂ ಹೆದರಿಸದೆ, ಯಾರಿಗೂ ಹೆದರದೆ, ಮರಿಯ ಬೆನ್ನಿಗೆ ಸೊಂಡಿಲಿನಿಂದ ಮಣ್ಣು ಎರಚುತ್ತಾ ನಿಂತ ಆನೆಯನ್ನು ನೋಡಿದ್ದು ಅದೇ ಮೊದಲು. ನಮ್ಮ ಹೊಲದಲ್ಲಿ ಬರುವುದೂ ಇವೇ ಇರಬಹುದಲ್ಲ ಎನಿಸಿತು.

ಹುಲಿ ಕಾಣಲಿಲ್ಲ. ಆದರೆ ಒದ್ದೆ ಮಣ್ಣಿನ ಹಾದಿಯಲ್ಲಿ ಹುಡುಗ ವಾಹನ ನಿಲ್ಲಿಸಿ ಕೆಳಗೆ ಬೆರಳು ತೋರಿಸಿದ. ಹೆಜ್ಜೆ ಗುರುತು. ಅಗಲವಾದವು ಒಂದು ಸಾಲು, ಪಕ್ಕದಲ್ಲಿ ಚಿಕ್ಕವು. ‘ತಾಯಿ, ಮರಿ. ರಾತ್ರಿ ಹೋಗದ’ ಎಂದ. ಫೋಟೊಗ್ರಾಫರ್‌ಗಳು ‘ಛೆ’ ಎಂದು ಲೆನ್ಸ್ ಮುಚ್ಚಿದರು. ನಾನು ಆ ಚಿಕ್ಕ ಹೆಜ್ಜೆಗಳಿಂದ ಕಣ್ಣು ತೆಗೆಯಲಾಗದೆ ಕುಳಿತೆ. ಕಾರಣ ಆಮೇಲೆ ಹೇಳುತ್ತೇನೆ.

ಕಾಡು ಗೊತ್ತಿದ್ದವನು

ಸಫಾರಿ ಮುಗಿದ ಮೇಲೆ ಟೀ ಕುಡಿಯುತ್ತಾ ಆ ಹುಡುಗನನ್ನು ಮಾತಿಗೆಳೆದೆವು. ಪಿಯುಸಿ ಮುಗಿಸಿದ್ದಾನೆ. ಕೆಲಸ ಗುತ್ತಿಗೆಯದು. ನಾವು ಹಾದಿಯುದ್ದಕ್ಕೂ ಹೂ ಬಿಟ್ಟಿದ್ದ ಪೊದೆಗಳನ್ನು ‘ಎಷ್ಟು ಚೆನ್ನಾಗಿದೆ’ ಎಂದು ಫೋಟೊ ತೆಗೆದುಕೊಂಡಿದ್ದೆವು. ಅದೇ ಕಾಡಿಗೆ ಬಡಿದ ರೋಗ ಎಂದು ಅವನು ಹೇಳಿದ ಮೇಲೆ ತಿಳಿಯಿತು. ಅದು ಲಂಟಾನ. ದಕ್ಷಿಣ ಅಮೆರಿಕ ಕಡೆಯಿಂದ ಬ್ರಿಟಿಷರ ಕಾಲದಲ್ಲಿ ತೋಟದ ಅಲಂಕಾರಕ್ಕೆ ಬಂದ ಗಿಡ. ಬಿಳಿಗಿರಿ ಕಾಡಿನಲ್ಲಿ 1997ರಿಂದ 2008ರವರೆಗಿನ ಹನ್ನೊಂದು ವರ್ಷಗಳಲ್ಲಿ ಅದು ಹಬ್ಬಿದ ಜಾಗ ಸುಮಾರು ಎರಡು ಪಟ್ಟಾಯಿತೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅದರಡಿ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದ ಮೇಲೆ ಜಿಂಕೆ, ಕಾಟಿಗೆ ಮೇವೆಲ್ಲಿ? ಮೇವು ಅರಸಿ ಪ್ರಾಣಿಗಳು ಅಂಚಿಗೆ ಬಂದರೆ ಹಿಂದೆಯೇ ಹುಲಿಯೂ ಬರುತ್ತದೆ.

‘ನಮ್ ತಾತಂದಿರು ತರಗು ಬೆಂಕಿ ಹಾಕೋರು’ ಎಂದ. ಬೇಸಿಗೆ ಬಲಿಯುವ ಮೊದಲೇ, ನೆಲದ ಮೇಲಿನ ಒಣಗಿದ ಎಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ ಅದು. ಹುಲ್ಲು ಚಿಗುರುತ್ತಿತ್ತು, ದೊಡ್ಡ ಕಾಳ್ಗಿಚ್ಚಿಗೆ ಸೌದೆ ಉಳಿಯುತ್ತಿರಲಿಲ್ಲ, ಲಂಟಾನ ಸಸಿಗಳೂ ಸುಟ್ಟುಹೋಗುತ್ತಿದ್ದವು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯೂ ಹತೋಟಿಯಲ್ಲಿತ್ತು ಎಂಬುದು ಸೋಲಿಗರ ಅನುಭವ. ವನ್ಯಜೀವಿ ಧಾಮವಾದ ಮೇಲೆ ಬೆಂಕಿ ನಿಷೇಧವಾಯಿತು, ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯವೂ ನಿಂತಿತು. ಬೆಂಕಿಯ ಬಗ್ಗೆ ಅವರ ಮಾತನ್ನು ಈಗ ವಿಜ್ಞಾನಿಗಳೂ ಗಂಭೀರವಾಗಿ ಪರಿಶೀಲಿಸುತ್ತಿದ್ದಾರೆ.

ಇಡೀ ಕಾಡೇ ಸೋಲಿಗರಿಗೆ ಒಂದು ನಕ್ಷೆ. ಒಂದೊಂದು ಕುಲಕ್ಕೆ ಒಂದೊಂದು ‘ಎಲ್ಲೆ’. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪೂಜೆಯ ಜಾಗಗಳು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಆರುನೂರು ವರ್ಷ ಹಳೆಯದೆಂದು ಹೇಳುತ್ತಾರೆ. ಅದು ಅವರಿಗೆ ದೇವರೇ. ಹೊರಗಿನವರು ಕಾಡಿನಲ್ಲಿ ಹುಲಿ ಹುಡುಕುತ್ತೇವೆ, ಅವರಿಗೆ ಅಲ್ಲಿ ವಿಳಾಸಗಳೇ ಇವೆ.

ನನಗೆ ಗೊತ್ತೇ ಇರದ ಇನ್ನೊಂದು ಸಂಗತಿ ಇದೆ. ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದಾಗ ಸೋಲಿಗರನ್ನು ಹೊರಹಾಕುತ್ತಾರೆ ಎಂಬ ಭಯ ಹುಟ್ಟಿತ್ತು. ಅವರು 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಅರ್ಜಿ ಹಾಕಿದರು. 2011ರ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಪಾಚಿಯಂಥ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕು ಅದರಲ್ಲಿ ಸೇರಿತ್ತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಇವರು ಮೊದಲಿಗರು. ಇಲ್ಲೇ ಇದ್ದು ಆಸ್ಪತ್ರೆ, ಶಾಲೆ ಕಟ್ಟಿದ ಡಾ. ಎಚ್.ಸುದರ್ಶನ್ ಅವರ ಹೆಸರು ನಮಗೆಲ್ಲ ಗೊತ್ತು. ಸೋಲಿಗರಲ್ಲೇ ಮೊದಲು ಪಿಎಚ್.ಡಿ. ಪಡೆದ ಡಾ. ಸಿ.ಮಾದೇಗೌಡರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇದೇ ಬೆಟ್ಟದಲ್ಲಿ ಸಿಕ್ಕ ಹೊಸ ಕಣಜದ ಕುಲಕ್ಕೆ ವಿಜ್ಞಾನಿಗಳು ‘ಸೋಲಿಗ’ ಎಂದೇ ಹೆಸರಿಟ್ಟಿದ್ದಾರೆ ಎಂಬುದಂತೂ ನನಗೆ ಹೊಸ ಸುದ್ದಿ.

‘ಪರ್ಮನೆಂಟ್ ಕೆಲಸಕ್ಕೆ ಅರ್ಜಿ ಹಾಕಿಲ್ವಾ?’ ಎಂದು ಕೇಳಿದೆ. ‘ಹಾಕಿವ್ನಿ ಅಕ್ಕ. ಓಟದಲ್ಲಿ ಪಾಸು. ಮಾರ್ಕ್ಸು ಸಾಲ್ದು’ ಎಂದ. ರಾತ್ರಿ ಹಾದುಹೋದ ಹುಲಿಯ ಹೆಜ್ಜೆ ನೋಡಿ ತಾಯಿ, ಮರಿ ಎಂದು ಹೇಳಬಲ್ಲವನಿಗೆ ಮಾರ್ಕ್ಸ್ ಸಾಲದು! ಏಳು ಇಂಟರ್‌ವ್ಯೂ ಮುಗಿಸಿದ ನನಗೆ ಅವನ ಮುಖ ಚೆನ್ನಾಗಿ ಅರ್ಥವಾಯಿತು.

ಕೆಂದಿಯ ಕಥೆ

ಈಗ ಆ ಚಿಕ್ಕ ಹೆಜ್ಜೆಗಳ ವಿಷಯ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಕೆಂದಿ ಹಸು ಮೇಯಲು ಹೋದದ್ದು ಸಂಜೆ ಮನೆಗೆ ಬರಲಿಲ್ಲ. ಬೆಳಿಗ್ಗೆ ಕಾಡಂಚಿನ ಹಳ್ಳದಲ್ಲಿ ಸಿಕ್ಕಿತು, ಹಿಂಭಾಗ ತಿಂದುಹೋಗಿತ್ತು. ಹೆಜ್ಜೆ ನೋಡಿದವರು ಹುಲಿ ಎಂದರು. ದಿನಕ್ಕೆ ಎಂಟು ಲೀಟರ್ ಹಾಲು ಕೊಡುತ್ತಿದ್ದ ಹಸು. ನನ್ನ ಸ್ಕೂಲಿನ ಖರ್ಚು, ಅಜ್ಜಿಯ ಮಾತ್ರೆ, ಸಂಘದ ಕಂತು, ಎಲ್ಲ ಅದರ ಹಾಲಿನಲ್ಲೇ ನಡೆಯುತ್ತಿತ್ತು. ಪರಿಹಾರದ ಹಣ ಕೈಗೆ ಬರುವ ಹೊತ್ತಿಗೆ ಡೈರಿಗೆ ಹಾಲು ಹಾಕದೆ ಐದು ತಿಂಗಳಾಗಿತ್ತು.

ಅವತ್ತು ಮನೆ ಮುಂದೆ ನಿಂತಿದ್ದವರಲ್ಲಿ ಒಬ್ಬರು ತಣ್ಣಗೆ ಹೇಳಿದರು: ‘ಹುಲಿ ರಾತ್ರಿಗೆ ಮತ್ತೆ ಬತ್ತದ. ಒಂದು ಪೊಟ್ಟಣ ಹಾಕ್ಬುಡು, ಆಮೇಲೆ ನೆಮ್ಮದಿ.’ ಜೋಳದ ಹೊಲಕ್ಕೆ ತಂದಿದ್ದ ವಿಷದ ಪೊಟ್ಟಣ ಒಳಗೆ ಗೂಟಕ್ಕೆ ನೇತುಹಾಕಿತ್ತು. ಅಪ್ಪ ಎದ್ದು ಒಳಗೆ ಹೋದರು. ಪೊಟ್ಟಣ ಕೈಗೆ ತೆಗೆದುಕೊಂಡರು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಕೇಳಿದರು: ‘ನಾಯಿ ತಿಂತದ, ನರಿ ತಿಂತದ, ಕಾಗೆ ತಿಂತದ. ಯಾವ್ದು ಸಾಯ್ಬೇಕು ಅಂತ ಚೀಟಿ ಬರ್ದು ಇಟ್ಟು ಬತ್ತಿಯಾ?’

ಅಪ್ಪ ಪೊಟ್ಟಣವನ್ನು ಮತ್ತೆ ಗೂಟಕ್ಕೆ ಹಾಕಿದರು. ಹಸುವನ್ನು ಮುಟ್ಟಲಿಲ್ಲ.

ಈವರೆಗೆ ಯಾರಿಗೂ ಹೇಳದ ಮಾತೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ ಒಳಗೆ ಹೋದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ‘ಹಾಕಲಿ’ ಎಂದೇ ನನ್ನ ಮನಸ್ಸು ಹೇಳುತ್ತಿತ್ತು.

2025ರ ಜೂನ್ 26. ನಮ್ಮ ತಾಲ್ಲೂಕಿನ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹತ್ತಿರದಲ್ಲಿ ವಿಷ ಬೆರೆತ ಹಸುವಿನ ಕಳೇಬರ. ಹಸುವನ್ನು ಹುಲಿ ಕೊಂದ ಸಿಟ್ಟಿಗೆ ವಿಷ ಹಾಕಿದ ಆರೋಪದ ಮೇಲೆ ಸ್ಥಳೀಯರನ್ನೇ ಬಂಧಿಸಿದರು. ಒಂದೇ ದಿನ ಐದು ಹುಲಿ! ದೇಶದ ಎಲ್ಲ ಟಿ.ವಿ.ಗಳಲ್ಲೂ ನಮ್ಮ ತಾಲ್ಲೂಕು. ಹೊರಗುತ್ತಿಗೆ ಕಾವಲು ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ ಎಂಬ ಸುದ್ದಿಯೂ ಆಗಲೇ ಬಂತು. ಆಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸುವ ಮಾತು ಬಂದಾಗ ನಮ್ಮ ಕಡೆಯ ಜನ ರೊಚ್ಚಿಗೆದ್ದರು.

ಪಿ.ಜಿ.ಯಲ್ಲಿ ಎಲ್ಲರ ಸ್ಟೇಟಸ್‌ನಲ್ಲೂ ಆ ಮರಿಗಳ ಫೋಟೊ. ‘ಇವರು ಮನುಷ್ಯರೇ ಅಲ್ಲ’ ಎಂದು ಬರೆದಿದ್ದರು. ನಾನೂ ಏನಾದರೂ ಬರೆಯೋಣ ಎಂದು ಫೋನ್ ಹಿಡಿದೆ. ಬೆರಳು ಓಡಲಿಲ್ಲ. ಮಾಡಿದ್ದು ಘೋರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಮಾಡಿದವರು ಎಲ್ಲಿಂದಲೋ ಬಂದ ರಾಕ್ಷಸರಲ್ಲ. ನಮ್ಮ ಮನೆಗೂ ಆ ಮನೆಗೂ ನಡುವೆ ಇದ್ದ ಅಂತರ ಒಬ್ಬ ಅಜ್ಜಿಯ ಒಂದು ಮಾತು ಮಾತ್ರ.

ಇದು ಹುಲಿಯ ಮೇಲೆ ಕುಳಿತು ಸವಾರಿ ಮಾಡುವ ಮಾದಪ್ಪನ ನಾಡು. ನಮ್ಮ ಮನೆಯ ಫೋಟೊದಲ್ಲೂ ಮಾದಪ್ಪ ಹುಲಿಯ ಮೇಲೇ ಕುಳಿತಿದ್ದಾನೆ. ಅದಕ್ಕೆ ದಿನಾ ಕೈಮುಗಿಯುತ್ತೇವೆ. ಆದರೆ ಕೈಮುಗಿದ ಮಾತ್ರಕ್ಕೆ ಹಾಲಿನ ಲೆಕ್ಕ ತುಂಬುವುದಿಲ್ಲ. ಕೆ.ಗುಡಿಯ ಒದ್ದೆ ಮಣ್ಣಿನಲ್ಲಿ ತಾಯಿಯ ಪಕ್ಕ ಆ ಚಿಕ್ಕ ಹೆಜ್ಜೆಗಳನ್ನು ಕಂಡಾಗ ನನಗೆ ನೆನಪಾದದ್ದು ಇಷ್ಟೂ.

ಭಯದ ಕಾಡು, ಬದುಕಿನ ಕಾಡು

ಬೆಟ್ಟದಿಂದ ಇಳಿದು ಗೆಳತಿಯರನ್ನು ನಮ್ಮ ಮನೆಗೆ ಕರೆದೊಯ್ದೆ. ರಾತ್ರಿ ಊಟಕ್ಕೆ ಕುಳಿತಾಗ ಅವರು ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ ವೀರಪ್ಪನ್ ಬಗ್ಗೆ. ನಮ್ಮೂರಿನ ಹೆಸರು ಹೇಳಿದರೆ ಹೊರಗಿನವರಿಗೆ ನೆನಪಾಗುವುದು ಅದೇ. 2004ರ ಅಕ್ಟೋಬರ್‌ನಲ್ಲಿ ಅವನು ಸತ್ತಾಗ ನನಗೆ ಒಂದು ವರ್ಷ. ಅಪ್ಪ ಹೇಳಿದ್ದು ಒಂದೇ ಮಾತು: ‘ಆಗ ಕಾಡಲ್ಲಿ ಪ್ರಾಣಿಗ್ ಹೆದರ್ತಿರ್ಲಿಲ್ಲ, ಮನುಷ್ರಿಗ್ ಹೆದರ್ತಿದ್ದೊ. ಎರಡೂ ಕಡೆಯೋರ್ಗೂ.’

ಆದರೆ ಆ ಕಥೆಯಲ್ಲಿ ಇನ್ನೊಂದು ಹೆಸರಿದೆ, ಅದನ್ನು ಗೆಳತಿಯರು ಕೇಳಿಯೇ ಇರಲಿಲ್ಲ. ಪಿ.ಶ್ರೀನಿವಾಸ್, ಅರಣ್ಯಾಧಿಕಾರಿ. ವೀರಪ್ಪನ್ ಹುಟ್ಟಿದ ಗೋಪಿನಾಥಂ ಊರಿನಲ್ಲೇ ಜನರ ನಡುವೆ ಕೆಲಸ ಮಾಡಿದವರು. ಔಷಧಿಗೆ ವ್ಯವಸ್ಥೆ ಮಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. 1991ರ ನವೆಂಬರ್ 10ರಂದು ಶರಣಾಗುತ್ತೇನೆಂಬ ಮಾತು ನಂಬಿ ಹೋದಾಗ ವೀರಪ್ಪನ್ ಅವರನ್ನು ಕೊಂದ. ಸರ್ಕಾರ ಮರಣೋತ್ತರ ಕೀರ್ತಿ ಚಕ್ರ ನೀಡಿತು. ಆ ಊರಿನವರು ಇಂದಿಗೂ ಅವರ ಫೋಟೊ ಇಟ್ಟು ಗೌರವಿಸುತ್ತಾರೆ. ಕಾಡು ಉಳಿಸಲು ಮೊದಲು ಕಾಡಂಚಿನ ಜನರ ಮನಸ್ಸು ಗೆಲ್ಲಬೇಕು ಎಂದು ಮೂವತ್ತು ವರ್ಷದ ಹಿಂದೆಯೇ ತಿಳಿದಿದ್ದವರು ಅವರು.

ಈಗ ಅದೇ ಗೋಪಿನಾಥಂನಲ್ಲಿ ಪ್ರವಾಸಿಗರ ಶಿಬಿರವಿದೆ. ಹನೂರು ತಾಲ್ಲೂಕಿನ ಪಿ.ಜಿ.ಪಾಳ್ಯ ಕಡೆಯಿಂದಲೂ ಸಫಾರಿ ಶುರುವಾಗಿದೆ. ಮಲೆ ಮಹದೇಶ್ವರ ಧಾಮವನ್ನೂ ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವ ಹಲವು ವರ್ಷಗಳಿಂದ ಇದೆ. ಬೇಕು ಎನ್ನುವವರೂ ಇದ್ದಾರೆ, ಬೇಡ ಎನ್ನುವವರೂ ಇದ್ದಾರೆ. ನಮ್ಮ ಊರಿನ ಅಂಗಡಿ ಕಟ್ಟೆಯಲ್ಲಿ ನಡೆಯುವ ಚರ್ಚೆ ಒಂದೇ: ‘ಹುಲಿ ನೋಡೋಕೆ ಬರೋರ ದುಡ್ಡಲ್ಲಿ ನಮ್ಗೆ ಎಷ್ಟು?’

ಒರಟು ಪ್ರಶ್ನೆ, ಆದರೆ ನ್ಯಾಯವಾದದ್ದು. ಹುಲಿಯನ್ನು ಸಾಕುವ ಖರ್ಚಿನಲ್ಲಿ ಒಂದು ಪಾಲು ಕಾಡಂಚಿನ ಮನೆಗಳ ದನ, ಬಾಳೆ, ಜೋಳದಿಂದ ಹೋಗುತ್ತದೆ. ಹುಲಿ ತರುವ ಆದಾಯದಲ್ಲೂ ಆ ಮನೆಗಳಿಗೆ ಪಾಲಿರಬೇಕಲ್ಲವೇ? ಹಸು ಸತ್ತ ವಾರದೊಳಗೆ ಪರಿಹಾರ ಕೈಸೇರಿದರೆ ಪೊಟ್ಟಣ ಗೂಟದಲ್ಲೇ ಉಳಿಯುತ್ತದೆ. ಕಾವಲುಗಾರನಿಗೆ ತಿಂಗಳ ಮೊದಲ ವಾರ ಸಂಬಳವಾದರೆ ಅವನು ಗಸ್ತಿಗೆ ಹೋಗುತ್ತಾನೆ. ಇದಕ್ಕೆ ದೊಡ್ಡ ಸಿದ್ಧಾಂತ ಬೇಕಿಲ್ಲ.

ನಮ್ಮಂಥವರಿಗೆ ಇಲ್ಲಿ ಏನಿದೆ?

ಕೆಲಸ ಹುಡುಕುವ ಗೆಳೆಯ ಗೆಳತಿಯರಿಗೆ ಒಂದೆರಡು ಮಾತು. ಅರಣ್ಯ ಇಲಾಖೆಯ ಅರಣ್ಯ ವೀಕ್ಷಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ಸಾಕು. ದೈಹಿಕ ಪರೀಕ್ಷೆ ಇರುತ್ತದೆ. ಹಳ್ಳಿಯ ಹುಡುಗ ಹುಡುಗಿಯರಿಗೆ ಅದು ಕಷ್ಟವಲ್ಲ. ಅಧಿಸೂಚನೆ ಯಾವಾಗ ಬರುತ್ತದೋ ಹೇಳಲಾಗದು, ಅಂಕಪಟ್ಟಿಯನ್ನಂತೂ ಸಿದ್ಧವಿಟ್ಟುಕೊಳ್ಳಿ.

ಸರ್ಕಾರಿ ಹುದ್ದೆಯೊಂದೇ ದಾರಿಯಲ್ಲ. ಬೆಟ್ಟದ ಸೋಲಿಗರು ತಾವೇ ಸೇರಿ ಕಾಡಿನ ನೆರಳಲ್ಲಿ ಬೆಳೆದ ಕಾಫಿ, ಜೇನುತುಪ್ಪ ಮಾರುತ್ತಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದೇ ಶತ್ರು ಲಂಟಾನವನ್ನು ಕಡಿದು, ಬೇಯಿಸಿ, ತೊಗಟೆ ಸುಲಿದು, ಕುರ್ಚಿ, ಬುಟ್ಟಿ, ಆನೆಯ ಬೊಂಬೆ ಮಾಡುತ್ತಾರೆ. ಒಂದು ಕುರ್ಚಿ ಮಾರಾಟವಾದರೆ ಒಂದಿಷ್ಟು ಹುಲ್ಲಿಗೆ ಜಾಗ. ಹಕ್ಕಿಗಳ ಹೆಸರು ಕಲಿತರೆ ಗೈಡ್ ಆಗಬಹುದು. ಈ ಕಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. ಸುಲಭದ ದುಡ್ಡು ಇದರಲ್ಲಿ ಇಲ್ಲ, ಸುಳ್ಳು ಆಸೆ ತೋರಿಸಲಾರೆ. ಆದರೆ ಹೊರಗಿನವರು ಬಂದು ನಮ್ಮ ಕಾಡನ್ನು ನಮಗೇ ವಿವರಿಸುವ ಸ್ಥಿತಿಯಾದರೂ ತಪ್ಪುತ್ತದೆ.

ಹೋಗುವವರಿಗೆ

ಬೆಳಗಿನ ಅಥವಾ ಮಧ್ಯಾಹ್ನದ ಸಫಾರಿ ನೋಡಿಕೊಂಡು ಮೊದಲೇ ಬುಕ್ ಮಾಡಿ. ಸಂಜೆಯೊಳಗೆ ಚೆಕ್‌ಪೋಸ್ಟ್ ದಾಟುವಂತೆ ಹೊರಡಿ. ಗಾಢ ಬಣ್ಣದ ಬಟ್ಟೆ, ಸುಗಂಧ, ಬ್ಲೂಟೂತ್ ಸ್ಪೀಕರ್ ಮೂರನ್ನೂ ಮನೆಯಲ್ಲೇ ಬಿಡಿ. ಪ್ಲಾಸ್ಟಿಕ್ ಎಸೆಯಬೇಡಿ, ಕೋತಿಗೆ ತಿಂಡಿ ಕೊಡಬೇಡಿ. ಪೋಡುಗಳಿಗೆ ಹೋಗಿ ಜನರ ಫೋಟೊ ತೆಗೆಯುವ ಮುನ್ನ ಕೇಳಿ, ಅವರು ಪ್ರದರ್ಶನದ ವಸ್ತುಗಳಲ್ಲ. ವಾಹನದಲ್ಲಿ ಮುಂದೆ ಕುಳಿತವರನ್ನು ಹುಲಿ ಎಲ್ಲಿ ಎಂದು ಕೇಳುವ ಬದಲು ಒಂದು ಮರದ ಹೆಸರು ಕೇಳಿ ನೋಡಿ. ಮಾತು ತಾನಾಗಿಯೇ ಬೆಳೆಯುತ್ತದೆ.

ಗೆಳತಿಯರು ಮರುದಿನ ಬೆಂಗಳೂರಿಗೆ ಹೊರಟರು. ನಾನು ಎರಡು ದಿನ ಊರಲ್ಲೇ ಉಳಿದೆ. ಆ ರಾತ್ರಿ ಅಪ್ಪನ ಜೊತೆ ಅಟ್ಟಣೆ ಹತ್ತಿದೆ. ನಡುರಾತ್ರಿ ಕಾಡಂಚಿನಲ್ಲಿ ಕೊಂಬೆ ಮುರಿದ ಸದ್ದು. ಅಪ್ಪ ಟಾರ್ಚ್ ಬಿಟ್ಟರು, ದೊಡ್ಡದಾಗಿ ಕೂಗಿದರು. ನಾನೂ ಕೂಗಿದೆ. 

‘ದುಡ್ಡು ಕೊಟ್ಟು ನೋಡ್ದಲ್ಲ, ಹೆಂಗಿತ್ತು?’ ಎಂದು ಅಪ್ಪ ಕೇಳಿದರು.

‘ಮರಿಯ ಬೆನ್ನಿಗೆ ಮಣ್ಣು ಎರಚ್ತಾ ಇತ್ತು’ ಎಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇಲ್ಲೂ ಒಂದು ಮರಿ ಅದ. ಅದ್ಕೇ ನಾನ್ ಈಗ ಪಟಾಕಿ ಹೊಡ್ಯಾದಿಲ್ಲ, ಕೂಗ್ತೀನಿ ಅಷ್ಟೆ’ ಎಂದರು. ಇಷ್ಟು ದಿನ ಅದನ್ನು ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎಂಟನೆಯ ಇಂಟರ್‌ವ್ಯೂ ಮುಂದಿನ ವಾರವಿದೆ. ಎಷ್ಟು ಸಲ ಹುಲಿ ನೋಡಿದ್ದೀರಿ ಎಂದು ಯಾರಾದರೂ ಕೇಳಿದರೆ ಈಗಲೂ ಉತ್ತರ ‘ಒಂದು ಸಲವೂ ಇಲ್ಲ’ ಎಂದೇ. ಆದರೆ ಈ ಸಲ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಅವರಿಗೆ ಸಮಯವಿದ್ದರೆ ಕೆಂದಿಯ ಕಥೆಯನ್ನೂ ಹೇಳುತ್ತೇನೆ.